ಎಲ್ಲರೂ ಜೂನ್ 1ಕ್ಕೆ ಹುಟ್ಟಿದವರು: ಶಾಲೆಯ ದಾಖಲಾತಿ ಪುಸ್ತಕದಲ್ಲಿ ಉಳಿದ ಗೆಳೆಯರು

ಜೂನ್ 1 ಬಂತೆಂದರೆ ಊರಿನ ಹಳೆ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪಿನಲ್ಲಿ ಕೇಕಿನ ಚಿತ್ರಗಳ ಮಳೆ ಸುರಿಯುತ್ತದೆ. ಒಂದೇ ತರಗತಿಯ ಎಂಟು ಹತ್ತು ಮಂದಿ ಒಂದೇ ದಿನ ಹುಟ್ಟಿದವರು! ನಲವತ್ತು ದಾಟಿದವರಿಗೆ ಇದರ ಗುಟ್ಟು ಗೊತ್ತು. ಮಗನ ಕೈ ಹಿಡಿದು ಅಪ್ಪ ಶಾಲೆಗೆ ಬಂದ. ಹುಟ್ಟಿದ್ದು ಯಾವಾಗ ಎಂದು ಮಾಸ್ತರು ಕೇಳಿದರು. "ಕಾರಹುಣ್ಣಿಮಿ ಮುಂದ ಹುಟ್ಯಾನ್ರೀ, ದೊಡ್ಡ ಮಳಿ ಆದ ವರ್ಷ" ಎಂದ. ಮಾಸ್ತರು ಹುಡುಗನ ಬಲಗೈಯನ್ನು ತಲೆಯ ಮೇಲಿಂದ ಹಾಯಿಸಿ ಎಡಕಿವಿ ಮುಟ್ಟಿಸಿದರು. ಮುಟ್ಟಿತು. ಅಲ್ಲಿಗೆ ಶಾಲೆಗೆ ಸೇರುವ ವಯಸ್ಸಾಗಿದೆ ಎಂದಾಯಿತು. ಶಾಲೆ ಶುರುವಾಗುವ ತಿಂಗಳು ಜೂನ್, ಅದರ ಮೊದಲ ತಾರೀಖು 1. ಪುಸ್ತಕದಲ್ಲಿ ಅದನ್ನೇ ಬರೆದರು.

ಆ ಪುಸ್ತಕವೇ ದಾಖಲಾತಿ ಪುಸ್ತಕ. ಹೆಡ್‌ಮಾಸ್ತರ ಕೋಣೆಯ ಕಬ್ಬಿಣದ ಕಪಾಟಿನಲ್ಲಿ, ಕೆಂಪು ಬಟ್ಟೆಯ ರಟ್ಟಿನೊಳಗೆ ಇರುತ್ತದೆ. ಹಾಜರಿ ಪುಸ್ತಕಗಳನ್ನು ಕೆಲವು ವರ್ಷಗಳ ನಂತರ ತೆಗೆದುಹಾಕುತ್ತಾರೆ. ದಾಖಲಾತಿ ಪುಸ್ತಕ ಮಾತ್ರ ಶಾಲೆ ಇರುವವರೆಗೂ ಇರಬೇಕಾದದ್ದು. ಕ್ರಮಸಂಖ್ಯೆ, ಮಗುವಿನ ಹೆಸರು, ತಂದೆ ಅಥವಾ ಪೋಷಕರ ಹೆಸರು, ಜಾತಿ, ಹುಟ್ಟಿದ ದಿನ, ಸೇರಿದ ದಿನ, ಬಿಟ್ಟ ದಿನ, ಬಿಟ್ಟ ಕಾರಣ ಇಷ್ಟನ್ನು ಅಡ್ಡಗೆರೆ ಉದ್ದಗೆರೆಗಳ ನಡುವೆ ಬರೆದಿರುತ್ತಾರೆ. ನಮ್ಮ ಹಳ್ಳಿಗಳಲ್ಲಿ ಬಡವರ ಮನೆಯವರ ಹೆಸರು ಸರ್ಕಾರಿ ಕಾಗದದ ಮೇಲೆ ಮೊದಲು ಬಿದ್ದದ್ದು ಬಹಳ ಸಲ ಇಲ್ಲೇ. ಹೊಲ ಇದ್ದವರ ಹೆಸರು ಪಹಣಿಯಲ್ಲಿತ್ತು. ಹೊಲ ಇಲ್ಲದವನ ಮಗ ಒಂದನೇ ತರಗತಿಗೆ ಬಂದಾಗ ಅವನ ಮನೆಯೂ ಬರಹಕ್ಕೆ ಬಂತು.

ಅದಕ್ಕೂ ಮೊದಲು ಶಾಲೆಗಳಿರಲಿಲ್ಲವೇ? ಇದ್ದವು. ಕೂಲಿಮಠ, ಐಗಳ ಮಠ, ಗಾಂವಟಿ ಶಾಲೆ ಎಂದು ಒಂದೊಂದು ಸೀಮೆಯಲ್ಲಿ ಒಂದೊಂದು ಹೆಸರು. ಬಳ್ಳಾರಿಯ ಕಲೆಕ್ಟರ್ ಆಗಿದ್ದ ಎ.ಡಿ. ಕ್ಯಾಂಪ್‌ಬೆಲ್ 1823ರಲ್ಲಿ ತನ್ನ ಜಿಲ್ಲೆಯ ಶಾಲೆಗಳನ್ನು ಎಣಿಸಿ ಮದ್ರಾಸಿಗೆ ವರದಿ ಕಳಿಸಿದ. ಆಗಿನ ಬಳ್ಳಾರಿ ಜಿಲ್ಲೆ ಈಗಿನದಕ್ಕಿಂತ ದೊಡ್ಡದು. ಆದವಾನಿ, ರಾಯದುರ್ಗದ ಕಡೆಯ ಸೀಮೆಯೂ ಅದರೊಳಗಿತ್ತು. ಅವನಿಗೆ ಸಿಕ್ಕ ಲೆಕ್ಕ 533 ಶಾಲೆ, 6,641 ಮಕ್ಕಳು. ಕನ್ನಡ ಕಲಿಸುವ ಶಾಲೆ 235, ತೆಲುಗಿನವು 226, ಉಳಿದವು ಮರಾಠಿ, ಪಾರಸಿ, ಸಂಸ್ಕೃತ, ತಮಿಳಿನವು. ಇಂಗ್ಲಿಷಿನದು ಒಂದೇ ಒಂದು. ಹೆಣ್ಣುಮಕ್ಕಳು ಇಡೀ ಜಿಲ್ಲೆಗೆ 60.

ಆ ವರದಿಯ ಒಂದು ವಿವರ ಓದಿದರೆ ಈಗಲೂ ಅಂಗೈ ಚುರುಗುಟ್ಟುತ್ತದೆ. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದ ಹುಡುಗನ ಅಂಗೈ ಮೇಲೆ ಸರಸ್ವತಿಯ ಹೆಸರು ಬರೆಯುತ್ತಿದ್ದರು. ಎರಡನೆಯವನಿಗೆ ಸೊನ್ನೆ, ಅಂದರೆ ಹೊಗಳಿಕೆಯೂ ಇಲ್ಲ, ಬೈಗುಳವೂ ಇಲ್ಲ. ಮೂರನೆಯವನಿಗೆ ಮೆಲ್ಲನೆ ಒಂದು ಏಟು, ನಾಲ್ಕನೆಯವನಿಗೆ ಎರಡು. ಹಿಂದೆ ಬಂದವರಿಗೆಲ್ಲ ಒಂದೊಂದು ಹೆಚ್ಚುತ್ತ ಹೋಗುತ್ತಿತ್ತು. ಮಕ್ಕಳು ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದುತ್ತಿದ್ದರು, ಕಲಿತ ದೊಡ್ಡ ಹುಡುಗರು ಚಿಕ್ಕವರಿಗೆ ಹೇಳಿಕೊಡುತ್ತಿದ್ದರು. ಯಾರು ಮೊದಲು ಬಂದರು, ಯಾರು ಏಟು ತಿಂದರು ಎಂಬುದು ಆ ಜೊತೆಗಾರರಿಗೆ ಸಾಯುವವರೆಗೂ ನೆನಪಿದ್ದಿರಬೇಕು. ಆದರೆ ವರದಿಯಲ್ಲಿರುವುದು ಬರೀ ತಲೆಲೆಕ್ಕ. 6,641 ಮಕ್ಕಳು ಯಾರ ಮನೆಯವರು ಎಂದು ಕೇಳಿದರೆ ಆ ಕಾಗದ ಉತ್ತರ ಕೊಡುವುದಿಲ್ಲ. ಕೂಲಿಮಠದ ಐಗಳಿಗೆ ಪುಸ್ತಕ ಇಡುವ ಅಗತ್ಯವೂ ಇರಲಿಲ್ಲ. ಯಾವ ಮನೆಯಿಂದ ಎಷ್ಟು ಕಾಳು, ಎಷ್ಟು ಕಾಸು ಬರಬೇಕು ಎಂಬುದು ಅವರಿಗೆ ಬಾಯಿಪಾಠ.

ಹೆಸರು ಬರೆಯುವ ಕೆಲಸ ಜೋರಾದದ್ದು ಹಣದ ಕಾರಣಕ್ಕೆ. 1854ರಲ್ಲಿ ಲಂಡನ್ನಿನಿಂದ ಬಂದ ವುಡ್ ಸಾಹೇಬರ ಆದೇಶದ ನಂತರ ಪ್ರಾಂತ್ಯಗಳಲ್ಲಿ ಶಿಕ್ಷಣ ಇಲಾಖೆಗಳು ಹುಟ್ಟಿದವು. ಶಾಲೆಗೆ ಅನುದಾನ ಕೊಡಬೇಕಾದರೆ ಮಕ್ಕಳ ಲೆಕ್ಕ ಬೇಕು, ಲೆಕ್ಕ ನೋಡಲು ಇನ್ಸ್‌ಪೆಕ್ಟರ್ ಬೇಕು, ಇನ್ಸ್‌ಪೆಕ್ಟರಿಗೆ ತೋರಿಸಲು ಪುಸ್ತಕ ಬೇಕು. ಮೈಸೂರು ಸೀಮೆಯಲ್ಲಿ ಬಿ.ಎಲ್. ರೈಸ್ 1868ರಲ್ಲಿ ಹೋಬಳಿ ಶಾಲೆಗಳ ಯೋಜನೆ ತಂದರು. ಶಾಸನಗಳನ್ನು ಹುಡುಕಿ ಅಚ್ಚು ಹಾಕಿಸಿದ ರೈಸ್ ಇವರೇ. ಕಲ್ಲಿನ ಮೇಲಿದ್ದ ರಾಜರ ಹೆಸರುಗಳನ್ನು ಉಳಿಸಿದವರೇ ಹೋಬಳಿಯ ಮಕ್ಕಳ ಹೆಸರುಗಳು ಕಾಗದಕ್ಕೆ ಬರಲು ಕಾರಣರಾದರು ಎಂಬುದು ನಮಗೆ ಬಹಳ ಇಷ್ಟವಾದ ಸಂಗತಿ.

ಆದರೆ ಯಾರ ಹೆಸರು ಪುಸ್ತಕಕ್ಕೆ ಬರಬೇಕು ಎಂಬ ಜಗಳ ಮೊದಲ ದಿನದಿಂದಲೇ ಇತ್ತು. 1856ರ ಜೂನ್ ತಿಂಗಳಲ್ಲಿ ಧಾರವಾಡದ ಸರ್ಕಾರಿ ಶಾಲೆಗೆ ಸೇರಿಸಿಕೊಳ್ಳಿ ಎಂದು ಮಹಾರ್ ಜಾತಿಯ ಒಬ್ಬ ಹುಡುಗ ಅರ್ಜಿ ಕೊಟ್ಟ. ಶಾಲೆ ಒಪ್ಪಲಿಲ್ಲ. ಅರ್ಜಿ ಮುಂಬೈ ಸರ್ಕಾರಕ್ಕೆ ಹೋಯಿತು. ನ್ಯಾಯ ಹುಡುಗನ ಕಡೆಗೇ ಇದೆ ಎಂದು ಒಪ್ಪಿಕೊಂಡ ಆ ಸರ್ಕಾರ, ಇವನೊಬ್ಬನನ್ನು ಸೇರಿಸಿದರೆ ಉಳಿದ ಮಕ್ಕಳೆಲ್ಲ ಬಿಟ್ಟುಹೋಗುತ್ತಾರೆ ಎಂಬ ನೆಪ ಹೇಳಿ ಬಾಗಿಲು ಹಾಕಿತು. ವಿಷಯ ಕಲ್ಕತ್ತಕ್ಕೆ ಹೋಯಿತು, ಅಲ್ಲಿಂದ ಲಂಡನ್ನಿಗೆ ಹೋಯಿತು. ಸರ್ಕಾರಿ ಶಾಲೆ ಎಲ್ಲ ಜಾತಿಯವರಿಗೂ ತೆರೆದಿರಬೇಕು ಎಂಬ ನಿಲುವು ಲಂಡನ್ನಿನಿಂದ ಬರುವ ಹೊತ್ತಿಗೆ 1858 ಆಗಿತ್ತು. ಎರಡು ವರ್ಷ. ಅಷ್ಟರಲ್ಲಿ ಆ ಹುಡುಗ ಏನಾದ? ಇತಿಹಾಸದ ಪುಸ್ತಕಗಳು ಅವನನ್ನು ಸಾಮಾನ್ಯವಾಗಿ "ಧಾರವಾಡದ ಮಹಾರ್ ಹುಡುಗ" ಎಂದಷ್ಟೇ ಕರೆದು ಮುಂದೆ ಹೋಗುತ್ತವೆ. ಮೂರು ರಾಜಧಾನಿಗಳ ಸಾಹೇಬರು ಅವನ ಬಗ್ಗೆ ಕಾಗದ ಬರೆದರು. ಅವನ ಜೊತೆ ಕೂತು ಪಾಟಿ ಹಂಚಿಕೊಳ್ಳಬೇಕಾಗಿದ್ದ ಮಕ್ಕಳಿಗೆ ಅವನು ಸಹಪಾಠಿ ಆಗಲೇ ಇಲ್ಲ.

ಕಾನೂನು ಬಾಗಿಲು ತೆರೆದರೂ ಊರು ತೆರೆಯಲಿಲ್ಲ. ಮಂಗಳೂರಿನಲ್ಲಿ ಕುದ್ಮುಲ್ ರಂಗರಾಯರು ದಲಿತ ಮಕ್ಕಳಿಗಾಗಿ ಬೇರೆಯೇ ಶಾಲೆ ತೆರೆಯಬೇಕಾಯಿತು. ಅದು ಶುರುವಾದದ್ದು 1892ರಲ್ಲಿ, ಲಂಡನ್ನಿನ ಆ ಮಾತು ಬಂದು ಮೂವತ್ತನಾಲ್ಕು ವರ್ಷಗಳ ಮೇಲೆ. ಹೀಗಾಗಿ ನಿಮ್ಮೂರಿನ ದಾಖಲಾತಿ ಪುಸ್ತಕ ಎಷ್ಟು ಹಳೆಯದು ಎಂದು ಕೇಳುವುದರ ಜೊತೆಗೆ, ದಲಿತ ಕೇರಿಯ ಮೊದಲ ಹೆಸರು ಯಾವ ಇಸವಿಯಲ್ಲಿ, ಎಷ್ಟನೇ ಸಾಲಿನಲ್ಲಿ ಬಂತು ಎಂದೂ ನೋಡಬೇಕು. ಹೆಣ್ಣುಮಗಳ ಮೊದಲ ಹೆಸರು ಯಾವುದು ಎಂದೂ ನೋಡಬೇಕು. ಶತಮಾನೋತ್ಸವದ ಭಾಷಣಗಳಲ್ಲಿ ಬರುವ ನೂರು ವರ್ಷ ಎಲ್ಲರಿಗೂ ನೂರು ವರ್ಷವಲ್ಲ.

ಈಗ ಕರ್ನಾಟಕ ಒಂದು. ಆದರೆ 1956ಕ್ಕೆ ಮೊದಲಿನ ಪುಸ್ತಕ ತೆರೆದರೆ ಐದು ಆಡಳಿತಗಳ ನೆರಳು ಕಾಣುತ್ತದೆ. ಮುಂಬೈ ಕರ್ನಾಟಕದ ಅಜ್ಜ "ನಾನು ಮುಲ್ಕಿ ಪಾಸ್" ಎಂದು ಮೀಸೆ ತಿರುವುತ್ತಿದ್ದ. ಏಳನೇ ತರಗತಿಯ ಆ ಪರೀಕ್ಷೆ ಪಾಸಾದರೆ ಮಾಸ್ತರಿಕೆ, ತಲಾಟಿ ಕೆಲಸ ಸಿಗುವ ಕಾಲ ಅದು. ಮೈಸೂರು ಕಡೆಯ ತಾತ ಎಲ್.ಎಸ್. ಅಂದರೆ ಲೋಯರ್ ಸೆಕೆಂಡರಿ ಪಾಸಾದವನು. ಮದ್ರಾಸಿಗೆ ಸೇರಿದ್ದ ದಕ್ಷಿಣ ಕನ್ನಡದವರು ಎಂಟನೇ ತರಗತಿಗೆ ಇ.ಎಸ್.ಎಲ್.ಸಿ. ಕಟ್ಟುತ್ತಿದ್ದರು.

ಬೀದರ, ಕಲಬುರಗಿ, ರಾಯಚೂರು ಕಡೆಯ ಕತೆ ಇನ್ನೂ ಬೇರೆ. ಅದು ನಿಜಾಮರ ಸೀಮೆ. ಆಡಳಿತದ ಭಾಷೆ ಉರ್ದು, ಶಾಲೆಯ ಬರಹವೂ ಹೆಚ್ಚಾಗಿ ಉರ್ದು. 1948ರ ಸೆಪ್ಟೆಂಬರಿನಲ್ಲಿ ಹೈದರಾಬಾದ್ ಸಂಸ್ಥಾನ ಭಾರತಕ್ಕೆ ಸೇರಿದ ನಂತರವೇ ಅಲ್ಲಿ ಕನ್ನಡ ಶಾಲೆಗಳು ಬೇರು ಬಿಟ್ಟವು. ಮನೆಯಲ್ಲಿ ಕನ್ನಡವೊಂದನ್ನೇ ಆಡಿದ ಮಲ್ಲಪ್ಪ, ಶರಣಪ್ಪರ ಹೆಸರು ಹಳೆಯ ಕಾಗದದಲ್ಲಿ ಬಲದಿಂದ ಎಡಕ್ಕೆ ಓದುವ ಅಕ್ಷರದಲ್ಲಿರುತ್ತದೆ. ತಾರೀಖು ಕೂಡ ಫಸಲಿ ಲೆಕ್ಕದ್ದು. ಫಸಲಿ 1350 ಎಂದಿದ್ದರೆ ಗಾಬರಿಯಾಗಬೇಡಿ, ಅದಕ್ಕೆ 590 ಕೂಡಿಸಿ. ಸುಮಾರು 1940ನೇ ಇಸವಿ ಎಂದರ್ಥ. ಓದಬಲ್ಲ ಹಿರಿಯ ಉರ್ದು ಮಾಸ್ತರು ಇನ್ನೂ ಊರೂರಲ್ಲಿ ಇದ್ದಾರೆ. ಅವರಿಗೂ ವಯಸ್ಸಾಗುತ್ತಿದೆ. ಈ ಭಾಗದವರು ಮಾಡಬೇಕಾದ ಮೊದಲ ಕೆಲಸ ಅವರ ಪಕ್ಕದಲ್ಲಿ ಒಂದು ನೋಟುಬುಕ್ಕು ಹಿಡಿದು ಕೂರುವುದು.

ಹಳೆಯ ವಿದ್ಯಾರ್ಥಿಗಳು ಒಂದಾಗಿ ಮುಂದಿನವರಿಗೆ ನೆರವಾಗುವುದು ಹೊಸ ಸಂಗತಿಯೇನಲ್ಲ. 1883ರಲ್ಲಿ ಧಾರವಾಡದಲ್ಲಿ ಅರಟಾಳ ರುದ್ರಗೌಡರು, ಗಿಲಗಂಚಿ ಗುರುಸಿದ್ದಪ್ಪನವರು ಮೊದಲಾದವರು ಸೇರಿ ಲಿಂಗಾಯತ ವಿದ್ಯಾರ್ಥಿಗಳಿಗಾಗಿ ನಿಧಿ ಕಟ್ಟಿದರು. ಓದಿ ನೌಕರಿ ಹಿಡಿದವರು ಓದುತ್ತಿರುವವರಿಗೆ ಕೊಡುವುದು ಅದರ ಬಗೆ. 1916ರಲ್ಲಿ ಬೆಳಗಾವಿಯಲ್ಲಿ ಏಳು ಮಂದಿ ಸೇರಿ ಕೆ.ಎಲ್.ಇ. ಸಂಸ್ಥೆ ಶುರು ಮಾಡಿದಾಗ ಮೊದಲ ಶಾಲೆಗೆ ಇಟ್ಟದ್ದು ಈ ಇಬ್ಬರದೇ ಹೆಸರು, ಜಿ.ಎ. ಹೈಸ್ಕೂಲ್ ಎಂದರೆ ಗಿಲಗಂಚಿ ಅರಟಾಳ ಹೈಸ್ಕೂಲ್. ಮೈಸೂರು ಸೀಮೆಯಲ್ಲಿ 1905ರಲ್ಲಿ ಲಿಂಗಾಯತರ ವಿದ್ಯಾನಿಧಿ, 1906ರಲ್ಲಿ ಒಕ್ಕಲಿಗರ ಸಂಘ ಹುಟ್ಟಿದವು. ಹಳ್ಳಿಯಿಂದ ಬಂದ ಹುಡುಗರಿಗೆ ಪಟ್ಟಣದಲ್ಲಿ ಅನ್ನ, ಚಾಪೆ, ದೀಪ ಸಿಕ್ಕಿದ್ದು ಇಂಥ ಸಂಘಗಳ, ಮಠಗಳ ಹಾಸ್ಟೆಲುಗಳಿಂದ.

ಇದರಲ್ಲಿ ಒಂದು ಕೊರತೆ ನಮಗೆ ಕಾಣುತ್ತದೆ. ಗಟ್ಟಿಯಾಗಿ ನಿಂತ ಸಂಘಗಳು ಬಹುಪಾಲು ಜಾತಿಯ ಹೆಸರಿನವು, ಇಲ್ಲವೇ ದೊಡ್ಡ ಕಾಲೇಜುಗಳವು. ಬಡಿಗೇರ, ಕುಂಬಾರ, ಗೌಡ, ಮಾದರ, ಮುಲ್ಲಾ ಎಲ್ಲರ ಮಕ್ಕಳನ್ನೂ ಒಂದೇ ಕೋಣೆಯಲ್ಲಿ ಕೂರಿಸಿದ್ದು ಊರಿನ ಸರ್ಕಾರಿ ಪ್ರಾಥಮಿಕ ಶಾಲೆ. ಅದಕ್ಕೆ ಮಾತ್ರ ಸಂಘವಿರಲಿಲ್ಲ. ಕರಾವಳಿಯ ಊರುಗಳು ಈ ಮಾತಿಗೆ ಹೊರತು ಎನ್ನಬೇಕು. ಅಲ್ಲಿ ಹಳೆ ವಿದ್ಯಾರ್ಥಿ ಸಂಘ ಎಂಬ ಫಲಕ ಸಣ್ಣ ಶಾಲೆಗಳಲ್ಲೂ ಕಾಣುತ್ತದೆ. ವಾರ್ಷಿಕೋತ್ಸವದ ರಾತ್ರಿ ಹಳೆ ವಿದ್ಯಾರ್ಥಿಗಳೇ ವೇಷ ಕಟ್ಟಿ ಯಕ್ಷಗಾನ ಆಡುತ್ತಾರೆ, ಮುಂಬೈ, ದುಬೈಯಿಂದ ಬಂದವರು ಬಾವಿಗೋ ಬೆಂಚಿಗೋ ಹಣ ಕೊಡುತ್ತಾರೆ. ಶತಮಾನೋತ್ಸವಕ್ಕೆ ಸ್ಮರಣ ಸಂಚಿಕೆಯೂ ಬರುತ್ತದೆ. ಅದರಲ್ಲಿ ಮಂತ್ರಿಗಳ ಶುಭಾಶಯ, ಫೋಟೋ, ಜಾಹೀರಾತು ಇವಕ್ಕೇ ಅರ್ಧ ಪುಟ ಹೋಗುತ್ತದೆ ಎಂಬುದು ಬೇರೆ ಮಾತು. ನಮ್ಮನ್ನು ಕೇಳಿದರೆ ಮಂತ್ರಿಗಳ ಪುಟಗಳನ್ನು ಕಡಿಮೆ ಮಾಡಿ ಇಸವಿವಾರು ಮಕ್ಕಳ ಹೆಸರು ಅಚ್ಚು ಹಾಕಬೇಕು. ಐವತ್ತು ವರ್ಷದ ನಂತರ ಜನ ಹುಡುಕುವುದು ಅದನ್ನೇ.

ಸರ್ಕಾರವೂ ತಡವಾಗಿ ಈ ಕಡೆ ನೋಡಿತು. 2001ರಲ್ಲಿ ಎಸ್‌ಡಿಎಂಸಿ ಬಂದು ಪೋಷಕರಿಗೆ ಶಾಲೆಯ ಕೆಲಸದಲ್ಲಿ ಜಾಗ ಸಿಕ್ಕಿತು. ಇತ್ತೀಚೆಗೆ "ನಮ್ಮ ಶಾಲೆ ನಮ್ಮ ಜವಾಬ್ದಾರಿ" ಎಂದು ಹಳೆಯ ವಿದ್ಯಾರ್ಥಿಗಳನ್ನು ಕರೆಯುತ್ತಿದ್ದಾರೆ. ಒಳ್ಳೆಯದೇ. ಆದರೆ ಕರೆಯುವುದು ಸುಣ್ಣ ಬಣ್ಣಕ್ಕೆ, ಕಂಪ್ಯೂಟರಿಗೆ. ಕೊಡಲು ದುಡ್ಡಿದ್ದವರು ಮಾತ್ರ ಬರುತ್ತಾರೆ. ನಾಲ್ಕನೇ ತರಗತಿಗೆ ಬಿಟ್ಟು ದನ ಕಾಯಲು ಹೋದವನು ಹಳೆ ವಿದ್ಯಾರ್ಥಿ ಅಲ್ಲವೇ?

ವಾಟ್ಸಾಪ್ ಗುಂಪುಗಳ ಹೆಸರು ನೋಡಿ: "1994-95 ಎಸ್ಸೆಸ್ಸೆಲ್ಸಿ ಬ್ಯಾಚ್". ಹತ್ತನೇ ತರಗತಿ ಮುಟ್ಟಿದವರು ಮಾತ್ರ ಒಳಗೆ. ಒಂದನೇ ತರಗತಿಯಲ್ಲಿ ನಿಮ್ಮ ಜೊತೆ ಕೂತವರಲ್ಲಿ ಎಷ್ಟು ಮಂದಿ ಹತ್ತಕ್ಕೆ ಬಂದರು? ಇದಕ್ಕೆ ಉತ್ತರ ದಾಖಲಾತಿ ಪುಸ್ತಕದ ಕೊನೆಯ ಕಾಲಮ್ಮಿನಲ್ಲಿದೆ. "ವರ್ಗಾವಣೆ ಪತ್ರ ನೀಡಿದೆ" ಎಂದು ಕೆಲವರ ಮುಂದೆ. "ದೀರ್ಘ ಗೈರುಹಾಜರಿ, ಹೆಸರು ಕಡಿಮೆ ಮಾಡಿದೆ" ಎಂದು ಬಹಳ ಜನರ ಮುಂದೆ. ಆ ಐದು ಪದಗಳ ಹಿಂದೆ ಏನೇನಿತ್ತು ಎಂಬುದು ನಮಗೆಲ್ಲ ಗೊತ್ತು: ಬರಗಾಲಕ್ಕೆ ಗುಳೆ, ಸಾಲಕ್ಕೆ ಜೀತ, ತಮ್ಮನನ್ನು ಎತ್ತಿಕೊಳ್ಳಲು ಅಕ್ಕ ಮನೆಯಲ್ಲಿ ಉಳಿದದ್ದು. ಪುಸ್ತಕ ಕಾರಣ ಹೇಳುವುದಿಲ್ಲ. ಆದರೆ ಬಿಟ್ಟ ತಾರೀಖು ಹೇಳುತ್ತದೆ. ಒಂದೇ ತಿಂಗಳಲ್ಲಿ ಹತ್ತು ಹೆಸರು ಕಡಿಮೆಯಾಗಿದ್ದರೆ ಆ ವರ್ಷ ಊರಿನಲ್ಲಿ ಏನಾಗಿತ್ತು ಎಂದು ಹಿರಿಯರನ್ನು ಕೇಳಿ. ಪ್ಲೇಗೋ ಬರವೋ ಕಾಲರಾವೋ, ಉತ್ತರ ಸಿಗುತ್ತದೆ. ಊರಿನ ಇತಿಹಾಸ ಬರೆಯುವವರಿಗೆ ಇಷ್ಟು ಅಗ್ಗದ, ಇಷ್ಟು ನಂಬುವಂಥ ಆಧಾರ ಇನ್ನೊಂದಿಲ್ಲ.

ಹೆಣ್ಣುಮಕ್ಕಳನ್ನು ಹುಡುಕುವುದು ಎಲ್ಲಕ್ಕಿಂತ ಕಷ್ಟ. 1929ರ ಶಾರದಾ ಕಾನೂನು ಹುಡುಗಿಯ ಮದುವೆಯ ವಯಸ್ಸನ್ನು 14ಕ್ಕೆ ಇಟ್ಟಿತ್ತು. ಅದು 18 ಆದದ್ದು 1978ರಲ್ಲಿ. ಕಾನೂನಿನ ವಯಸ್ಸು ಏನೇ ಇರಲಿ, ಐದನೇ ತರಗತಿ ದಾಟುವ ಮೊದಲೇ ಎಷ್ಟೋ ಹುಡುಗಿಯರ ಹೆಸರು ಪುಸ್ತಕದಿಂದ ಇಳಿದುಹೋಯಿತು. ಉತ್ತರ ಕರ್ನಾಟಕದಲ್ಲಿ ಮದುವೆಯಾದರೆ ತಂದೆಯ ಹೆಸರಿನ ಜಾಗದಲ್ಲಿ ಗಂಡನ ಹೆಸರು, ತವರಿನ ಅಡ್ಡಹೆಸರಿನ ಜಾಗದಲ್ಲಿ ಗಂಡನ ಮನೆಯ ಅಡ್ಡಹೆಸರು. ಕೆಲವು ಮನೆತನಗಳಲ್ಲಿ ಹುಡುಗಿಯ ಹೆಸರನ್ನೇ ಬದಲಿಸುವ ರೂಢಿಯೂ ಇತ್ತು. ಶಾಲೆಯಲ್ಲಿದ್ದ ಹೆಸರಿನ ಒಂದಕ್ಷರವೂ ಉಳಿಯದ ಹೆಂಗಸನ್ನು ಫೇಸ್‌ಬುಕ್ಕಿನಲ್ಲಿ ಹೇಗೆ ಹುಡುಕುತ್ತೀರಿ? ದಾರಿ ಒಂದೇ. ಪುಸ್ತಕದಲ್ಲಿ ತಂದೆಯ ಹೆಸರಿದೆ. ಆ ಮನೆಗೆ ಹೋಗಿ ಅಣ್ಣನನ್ನೋ ಅತ್ತಿಗೆಯನ್ನೋ ಕೇಳಬೇಕು. ಅತ್ತಿಗೆಗೇ ಹೆಚ್ಚು ಗೊತ್ತಿರುತ್ತದೆ. ಪಂಚಮಿಗೆ ಯಾರು ಬರುತ್ತಾರೆ, ಯಾರು ಬರುವುದು ಬಿಟ್ಟಿದ್ದಾರೆ ಎಂಬ ಲೆಕ್ಕ ಇರುವುದು ಅವರ ಹತ್ತಿರ.

ಗ್ರೂಪ್ ಫೋಟೋ ಕೂಡ ಒಂದು ದಾಖಲೆ. ತಾಲೂಕಿನಿಂದ ಫೋಟೋಗ್ರಾಫರ್ ಬಂದು, ನಡುವೆ ಕುರ್ಚಿಯಲ್ಲಿ ಮಾಸ್ತರರು, ಹಿಂದೆ ಬೆಂಚಿನ ಮೇಲೆ ಹುಡುಗರು, ಮುಂದೆ ನೆಲದ ಮೇಲೆ ಚಿಕ್ಕವರು, ಅವರ ಮುಂದೆ ಇಸವಿ ಬರೆದ ಪಾಟಿ. ಫೋಟೋ ಕೊಳ್ಳಲು ಹಣ ಎಲ್ಲರ ಹತ್ತಿರ ಇರಲಿಲ್ಲ, ಹಾಗಾಗಿ ಒಂದು ತರಗತಿಗೆ ಎರಡು ಮೂರು ಪ್ರತಿಗಳಷ್ಟೇ ಉಳಿದಿರುತ್ತವೆ. ಹಿಂಬದಿಯಲ್ಲಿ ಹೆಸರು ಬರೆದವರು ಕಡಿಮೆ. ಅದನ್ನು ಮೊಬೈಲಿನಲ್ಲಿ ಹಿಡಿದು ದೊಡ್ಡದು ಮಾಡಿ ಆಗಿನ ಮಾಸ್ತರರಿಗೆ ತೋರಿಸಿ. ತೊಂಬತ್ತು ದಾಟಿದ ಮಾಸ್ತರು ಮೂರನೇ ಸಾಲಿನ ಮೂಲೆಯವನ ಹೆಸರು ಹೇಳುವುದನ್ನು ಕೇಳಿದರೆ ಸೋಜಿಗವಾಗುತ್ತದೆ. ದಿನಾ ಹಾಜರಿ ಕರೆದ ಬಾಯಿ ಅದು.

ಇನ್ನು ಶಾಲೆಯೇ ಇಲ್ಲದವರ ಪಾಡು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟೆ ಮುಗಿದು ಶರಾವತಿ ಹಿಂದಕ್ಕೆ ಹರಡಿದಾಗ ಸಾಗರ, ಹೊಸನಗರ ಸೀಮೆಯ ಎಷ್ಟೋ ಹಳ್ಳಿಗಳು ಮುಳುಗಿದವು. ಒಂದೇ ಬೆಂಚಿನ ಮಕ್ಕಳು ಒಂದೊಂದು ದಿಕ್ಕಿನ ಕಾಡಿಗೆ ಲಾರಿಯಲ್ಲಿ ಹೋದರು. ಅವರಲ್ಲಿ ಎಷ್ಟೋ ಮನೆಗಳಿಗೆ ಜಮೀನಿನ ಹಕ್ಕುಪತ್ರದ ತಕರಾರು ಈಗಲೂ ಬಗೆಹರಿದಿಲ್ಲ. ಇಂಥವರಿಗೆ ಹಳೆಯ ಶಾಲೆಯ ಒಂದು ಸಾಲು, "ಇಂಥವರ ಮಗ, ಇಂಥ ಊರು, ಇಂಥ ವರ್ಷ" ಎಂಬುದು ಬರೀ ನೆನಪಲ್ಲ. ನಾವು ಅಲ್ಲಿ ಇದ್ದೆವು ಎಂಬುದಕ್ಕೆ ಸಾಕ್ಷಿ. ಕೃಷ್ಣಾ ತೀರದಲ್ಲೂ ಇದೇ ಆಯಿತು. ಆಲಮಟ್ಟಿಯ ಹಿನ್ನೀರಿಗೆ ಬಾಗಲಕೋಟೆಯ ಹಳೆಯ ಪೇಟೆಯ ಭಾಗಗಳು, ಸುತ್ತಲಿನ ಹಳ್ಳಿಗಳು ಹೋದವು. ಈಗ ನೀರಿನ ಮಟ್ಟವನ್ನು 519.6 ಮೀಟರಿನಿಂದ 524.256 ಮೀಟರಿಗೆ ಏರಿಸುವ ಯೋಜನೆ ಮುಂದಿದೆ. ಅಂದರೆ ಇನ್ನಷ್ಟು ಶಾಲೆಗಳು ಜಾಗ ಬಿಡಬೇಕಾಗುತ್ತದೆ. ಪರಿಹಾರದ ಲೆಕ್ಕದಲ್ಲಿ ಕಟ್ಟಡಕ್ಕೆ ಬೆಲೆ ಕಟ್ಟುತ್ತಾರೆ. ಕಪಾಟಿನೊಳಗಿನ ಪುಸ್ತಕವನ್ನು ಯಾರು, ಯಾವ ಟ್ರ್ಯಾಕ್ಟರಿನಲ್ಲಿ, ಎಲ್ಲಿಗೆ ಒಯ್ಯುತ್ತಾರೆ ಎಂಬುದನ್ನು ಊರವರೇ ನೋಡಿಕೊಳ್ಳಬೇಕು.

ನೀರು ಬರದಿದ್ದರೂ ಶಾಲೆ ಮುಚ್ಚುತ್ತದೆ. ಮಕ್ಕಳು ಕಡಿಮೆಯಾಗಿ ಪಕ್ಕದೂರಿನ ಶಾಲೆಗೆ ಸೇರಿಸಿದರೆ ಪುಸ್ತಕಗಳು ಹತ್ತಿರದ ಶಾಲೆಗೋ ಬಿಇಒ ಕಚೇರಿಗೋ ಹೋಗುತ್ತವೆ. ಎಲ್ಲಿಗೆ ಹೋಯಿತು ಎಂದು ಬರೆದಿಟ್ಟುಕೊಳ್ಳದಿದ್ದರೆ ಹತ್ತು ವರ್ಷದ ಮೇಲೆ ಯಾರಿಗೂ ತಿಳಿಯುವುದಿಲ್ಲ. ಇಲಿ, ಗೆದ್ದಲು, ಸೋರುವ ಹೆಂಚು ಇವು ಸರದಿಯಲ್ಲಿ ಕಾದು ನಿಂತಿರುತ್ತವೆ. ಈಗಿನ ಮಕ್ಕಳಿಗೆ ಎಸ್‌ಎಟಿಎಸ್ ಸಂಖ್ಯೆ ಇದೆ, ಕಂಪ್ಯೂಟರಿನಲ್ಲಿ ಹೆಸರಿದೆ. ಅವರ ಅಜ್ಜ ಅಜ್ಜಿಯರ ಹೆಸರಿರುವುದು ಆ ಒಂದೇ ಪ್ರತಿಯಲ್ಲಿ.

ಹೀಗೆ ಮಾಡಬಹುದು. ಎಸ್‌ಡಿಎಂಸಿಯವರನ್ನು ಜೊತೆಗೆ ಕರೆದುಕೊಂಡು ಹೋಗಿ ಹೆಡ್‌ಮಾಸ್ತರ ಒಪ್ಪಿಗೆ ಕೇಳಿ, ಶಾಲೆಯಲ್ಲೇ ಕೂತು, ನಿಮ್ಮ ತರಗತಿಯವರು ಒಂದನೇ ಇಯತ್ತೆಗೆ ಸೇರಿದ ವರ್ಷದ ಹೆಸರುಗಳನ್ನು ಮಾತ್ರ ಬರೆದುಕೊಳ್ಳಿ. ಹತ್ತನೆಯದನ್ನಲ್ಲ, ಒಂದನೆಯದನ್ನು. ಪುಟದ ಫೋಟೋ ತೆಗೆದು ಗುಂಪಿಗೆ ಹಾಕಬೇಡಿ. ಅದರಲ್ಲಿ ಜಾತಿ ಇದೆ, ಹುಟ್ಟಿದ ದಿನ ಇದೆ, ಯಾರದೋ ಮನೆಯ ಸಂಗತಿ ಇದೆ. ಇವತ್ತಿನ ಕಾಲದಲ್ಲಿ ಅದು ಯಾರ ಕೈಗೆ ಹೋಗುತ್ತದೋ ಹೇಳಲಾಗದು. ಹೆಸರಿನ ಮುಂದೆ ಈಗ ಎಲ್ಲಿದ್ದಾರೆ ಎಂದು ತುಂಬಿಸುತ್ತ ಹೋಗಿ. ತೀರಿಕೊಂಡವರ ಹೆಸರನ್ನು ಹೊಡೆದುಹಾಕದೆ ಹಾಗೇ ಇಡಿ, ಅವರ ಮನೆಯವರ ನಂಬರ್ ಬರೆಯಿರಿ. ಮೊಬೈಲ್ ಇಲ್ಲದವರಿಗೆ ಸುದ್ದಿ ಮುಟ್ಟಿಸಲು ಅವರ ಓಣಿಯ ಒಬ್ಬರನ್ನು ಗೊತ್ತು ಮಾಡಿ. ಗುರುವಂದನೆ ಇಟ್ಟುಕೊಂಡರೆ ಶಾಲು, ಹಾರದ ಖರ್ಚಿನಲ್ಲಿ ಸ್ವಲ್ಪ ಉಳಿಸಿ ಪುಸ್ತಕಕ್ಕೆ ಹೊಸ ರಟ್ಟು ಕಟ್ಟಿಸಿ ಕೊಡಿ.

ಜೂನ್ ತಿಂಗಳಲ್ಲಿ ಮಾತ್ರ ಹೋಗಬೇಡಿ, ದಾಖಲಾತಿಯ ಗಡಿಬಿಡಿ ಇರುತ್ತದೆ. ಶನಿವಾರ ಬೆಳಗಿನ ಶಾಲೆ. ಮಕ್ಕಳು ಮನೆಗೆ ಹೋದ ಮೇಲೆ ಹೆಡ್‌ಮಾಸ್ತರಿಗೆ ತುಸು ಪುರುಸೊತ್ತು ಸಿಗುತ್ತದೆ, ಕಪಾಟಿನ ಕೀಲಿಯೂ ಸಿಗುತ್ತದೆ.